ಜಿಗಿತ ಉಳಿದರೆ ಸಾಕಾ?

ಜಿಗಿತವೇ ಜೀವಾಳವಾದ ವಿಡಿಯೋ ಗೇಮ್‌ಗೆ ಪ್ಲಾಟ್‌ಫಾರ್ಮರ್ ಅಂತಾರೆ. ಉಳಿದದ್ದೆಲ್ಲ ಬದಲಾದ್ರೂ ಅದು ಪ್ಲಾಟ್‌ಫಾರ್ಮರೇನಾ? ಜಾಕ್ ಗೇಮ್ ಸರಣಿಯ ಮೊದಲ ಆಟದಲ್ಲಿ (2001) ಜಿಗಿಯೋದು, ಗಿರಗಿರ ಸುತ್ತಿ ಹೊಡೆಯೋದು, ಹೊಳೆಯೋ ಮೊಟ್ಟೆ ಹೆಕ್ಕೋದು. 2003ರ ಎರಡನೇ ಆಟಕ್ಕೆ ಬಂದ್ರೆ ಕೈಗೆ ಬಂದೂಕು, ಅಲೆಯೋಕೆ ಇಡೀ ನಗರ, ಕದ್ದು ಓಡಿಸೋಕೆ ಹಾರೋ ಗಾಡಿ! ಆದ್ರೂ ನನ್ನ ಪಾಲಿಗೆ ಅದು ಪ್ಲಾಟ್‌ಫಾರ್ಮರೇ. ಡಬಲ್ ಜಂಪ್ (ಗಾಳಿಯಲ್ಲೇ ಇನ್ನೊಮ್ಮೆ ಜಿಗಿಯೋದು) ಹಾಗೇ ಇದೆ, ಅಂಚು ತಪ್ಪಿದ್ರೆ ಪಾತಾಳ ಅನ್ನೋ ಅಳುಕೂ ಇದೆ. ಬಟನ್ ಒತ್ತಿದಾಗಿಂದ ಕಾಲು ನೆಲ ಮುಟ್ಟೋವರೆಗಿನ ಆ ಅರೆಕ್ಷಣ ನನ್ನ ಕೈಲಿರಬೇಕು, ಅಷ್ಟೇ. ಕ್ಯಾಮೆರಾ, ಕಥೆ ಏನಾದ್ರೂ ಆಗಲಿ.

ಬ್ಯಾಂಜೊ ಅನ್ನೋ ಕರಡಿ, ಕಝೂಯಿ ಅನ್ನೋ ಹಕ್ಕಿ ಜೋಡಿಯ ಪ್ಲಾಟ್‌ಫಾರ್ಮರ್ ಬ್ಯಾಂಜೊ-ಕಝೂಯಿ 2008ರಲ್ಲಿ ಗಾಡಿ ಕಟ್ಟೋ ಆಟ ಆಯ್ತಲ್ಲ, ಅದನ್ನ ಮಾತ್ರ ಒಪ್ಪೋಕಾಗಲ್ಲ. ಮಜಾ ಇದೆ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಕರಡಿಯ ಬೆನ್ನುಚೀಲದಿಂದ ಹಕ್ಕಿ ರೆಕ್ಕೆ ಬಡಿದು ಜಿಗಿತವನ್ನ ಇನ್ನೊಂಚೂರು ಎಳೀತಿತ್ತಲ್ಲ, ಅದಕ್ಕೆ ನಾಲ್ಕು ಚಕ್ರ ಸಾಟಿನಾ?