ಎರಡಡಿ ಸಾಲಿಗೆ ನಾಲ್ಕಡಿ ಚಕ್ರ: ಹಳೇ ಟ್ರ್ಯಾಕ್ಟರುಗಳ ಜಾಡು ಹಿಡಿದು ಮೈಸೂರಿನಿಂದ ಮಂಡ್ಯಕ್ಕೆ

ಮೈಸೂರಿನಿಂದ ಮಂಡ್ಯಕ್ಕೆ ಸುಮಾರು 45 ಕಿ.ಮೀ. ಹೊಸ ಹೆದ್ದಾರಿಯಲ್ಲಿ ಹೋದರೆ ಬೇಗ ಮುಟ್ಟಬಹುದು, ಆದರೆ ದಾರಿಯಲ್ಲಿ ಒಂದು ಟ್ರ್ಯಾಕ್ಟರೂ ಕಾಣುವುದಿಲ್ಲ. 2023ರ ಆಗಸ್ಟ್‌ನಿಂದ ಮುಖ್ಯ ಪಥಕ್ಕೆ ಅವುಗಳಿಗೆ ಪ್ರವೇಶವೇ ಇಲ್ಲ. ಹಳೇ ಟ್ರ್ಯಾಕ್ಟರು ನೋಡಬೇಕೆನ್ನುವವರು ಸರ್ವಿಸ್ ರಸ್ತೆಗೆ ಇಳಿಯಬೇಕು. ಶ್ರೀರಂಗಪಟ್ಟಣದಲ್ಲಿ ಕಾವೇರಿ ದಾಟಿ, ಎಡಕ್ಕೆ ಪಾಂಡವಪುರದ ಕಡೆ ತಿರುಗಿ, ಕುಂತಿಬೆಟ್ಟವನ್ನು ನೋಡಿಕೊಂಡು, ನಾಲೆ ಬಯಲಿನ ಊರುಗಳ ಒಳಗಿಂದ ಮಂಡ್ಯ ಸೇರುವುದು ಒಳ್ಳೆಯ ದಾರಿ. ಮೃಗಶಿರ ಮಳೆ ಬಿದ್ದು ಎರಡು ದಿನ ಬಿಸಿಲು ಕಂಡ ವಾರದಲ್ಲಿ ಹೊರಟರೆ ಇನ್ನೂ ಒಳ್ಳೆಯದು. ಆಗ ಟ್ರ್ಯಾಕ್ಟರು ಹಟ್ಟಿಯಲ್ಲಿ ನಿಂತಿರುವುದಿಲ್ಲ, ಹೊಲದಲ್ಲಿರುತ್ತದೆ.

ಈ ಹೆದ್ದಾರಿಯ ಸಂಖ್ಯೆ 275. ಈ ಸೀಮೆಯಲ್ಲಿ ಇನ್ನೂ ಉಸಿರಾಡುತ್ತಿರುವ ಹಳೇ ಟ್ರ್ಯಾಕ್ಟರುಗಳಲ್ಲೊಂದರ ಸಂಖ್ಯೆಯೂ ಅದೇ: ಮಹೀಂದ್ರದವರು 1963ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ ಸೇರಿ ತಯಾರಿಸಲು ತೊಡಗಿದ ಬಿ-275. ಅದರ ಜೊತೆಗೆ ಮ್ಯಾಸಿ 1035, ಅಲ್ಲೊಂದು ಇಲ್ಲೊಂದು ಅದಕ್ಕೂ ಹಿಂದಿನ ಮ್ಯಾಸಿ 35, ಮತ್ತೆ ಜೆಕ್ ತಂತ್ರಜ್ಞಾನದಲ್ಲಿ ಪಿಂಜೋರಿನಲ್ಲಿ ಹುಟ್ಟಿದ 25 ಅಶ್ವಶಕ್ತಿಯ ಎಚ್‌ಎಂಟಿ 2511. ಇವು ಗುಜರಿಗೆ ಹೋಗದೆ ಉಳಿಯಲು ಕಬ್ಬು ಕಾರಣ. ಮಂಡ್ಯದ ಮೈಷುಗರ್ ಕಾರ್ಖಾನೆ 1933ರದ್ದು. ಪಾಂಡವಪುರದಲ್ಲಿ ಇನ್ನೊಂದು ಕಾರ್ಖಾನೆ, ಊರೂರಿಗೆ ಆಲೆಮನೆ. ಟ್ರೇಲರ್ ಎಳೆಯಲು ಹಳೇ ಎಂಜಿನ್ನೇ ಸಾಕು. ಕಟಾವಿಲ್ಲದ ತಿಂಗಳುಗಳಲ್ಲಿ ಅದೇ ಗಾಡಿಯನ್ನು ಬದನೆ, ಟೊಮೆಟೊ, ಬೀನ್ಸ್ ತೋಟದ ಸಾಲುಗಳ ನಡುವೆ ಓಡಿಸಿ ಕಳೆ ತೆಗೆಯಬಹುದೇ ಎಂಬುದು ಈ ಪ್ರವಾಸದ ಉದ್ದಕ್ಕೂ ಕೇಳಿದ ಪ್ರಶ್ನೆ. ಆಗುತ್ತದೆ. ಆದರೆ ಲೆಕ್ಕ ಶುರುವಾಗಬೇಕಾದ್ದು ಟ್ರ್ಯಾಕ್ಟರಿನಿಂದ ಅಲ್ಲ, ಸಾಲಿನಿಂದ.

ಶ್ರೀರಂಗಪಟ್ಟಣದ ಆಚೆಗಿನ ವೆಲ್ಡಿಂಗ್ ಅಂಗಡಿಗಳಲ್ಲಿ ಅನುಭವಸ್ಥ ಮೇಸ್ತ್ರಿ ಮೊದಲು ಕೇಳುವ ಮಾತು ಇದೇ: "ಎಷ್ಟಡಿ ಸಾಲು ಹಾಕಿದ್ದೀರಣ್ಣ?" ಎರಡಡಿ ಎಂದರೆ ಮುಖ ಅರಳುತ್ತದೆ, ಒಂದೂವರೆ ಎಂದರೆ ತಲೆ ಕೆರೆದುಕೊಳ್ಳುತ್ತಾರೆ. ಕಾರಣ ಚಕ್ರದಲ್ಲಿದೆ. ಮ್ಯಾಸಿಯಂಥ ಫರ್ಗ್ಯುಸನ್ ವಂಶದ ಟ್ರ್ಯಾಕ್ಟರಿನಲ್ಲಿ ಹಿಂದಿನ ಎರಡು ಟೈರುಗಳ ನಡುಗೆರೆಯಿಂದ ನಡುಗೆರೆಗೆ ಇರುವ ಅಂತರವನ್ನು 48 ಇಂಚಿನಿಂದ 76 ಇಂಚಿನವರೆಗೆ, ನಾಲ್ಕು ನಾಲ್ಕು ಇಂಚಿನ ಹೆಜ್ಜೆಯಲ್ಲಿ ಬದಲಿಸಬಹುದು. ಇಂಗ್ಲೆಂಡಿನಲ್ಲಿ ಇಂಚಿನ ಲೆಕ್ಕದಲ್ಲಿ ಮಾಡಿದ ಈ ಹೆಜ್ಜೆಗಳು ಅಡಿಯಲ್ಲಿ ಅಳೆಯುವ ನಮ್ಮ ಹೊಲಗಳಿಗೆ ಚೆನ್ನಾಗಿ ಕೂಡಿಬರುತ್ತವೆ. ಚಕ್ರದೊಳಗೆ ಎರಡು ಸಾಲು ಬರಬೇಕೆಂದರೆ ಚಕ್ರದ ಅಂತರ ಸಾಲಿನ ಅಂತರದ ಎರಡರಷ್ಟಿರಬೇಕು. ಎರಡಡಿ ಸಾಲಿಗೆ 48 ಇಂಚು, ಎರಡೂವರೆಗೆ 60, ಮೂರಡಿಗೆ 72. ಮೂರೂ ಹೆಜ್ಜೆಯ ಮೇಲೇ ಬೀಳುತ್ತವೆ. ಒಂದೂವರೆ ಅಡಿಗೆ ಮಾತ್ರ ತೊಡಕು. ಎರಡು ಸಾಲಿನ ಲೆಕ್ಕದಲ್ಲಿ 36 ಇಂಚು ಬರುತ್ತದೆ, ಅಷ್ಟು ಕಿರಿದಾಗಿ ಚಕ್ರ ಬರುವುದಿಲ್ಲ. ಮೂರು ಸಾಲಿಗೆ 54 ಇಂಚು, ಅದು 52 ಮತ್ತು 56ರ ನಡುವೆ ಸಿಕ್ಕಿಕೊಳ್ಳುತ್ತದೆ.

ಅಂತರ ಕೂಡಿಬಂದರೂ ಟೈರಿನ ಅಗಲದ ಲೆಕ್ಕ ಬಾಕಿ. 12.4-28 ಟೈರು (ಮೊದಲ ಸಂಖ್ಯೆ ಇಂಚಿನಲ್ಲಿ ಅದರ ಅಗಲ) ಸುಮಾರು 31 ಸೆಂ.ಮೀ. ಅಗಲ. 60 ಸೆಂ.ಮೀ. ಸಂದಿನಲ್ಲಿ ಅದು ನಡೆದರೆ ಎರಡು ಬದಿಗೂ 14 ಸೆಂ.ಮೀ.ಯಷ್ಟು ಜಾಗ ಉಳಿಯುತ್ತದೆ, ಗಿಡ ಸಣ್ಣದಿದ್ದಾಗ ಧಾರಾಳ. ಒಂದೂವರೆ ಅಡಿಯ ಸಂದಿನಲ್ಲಿ ಉಳಿಯುವುದು ಬದಿಗೆ ಏಳು ಸೆಂ.ಮೀ. ಮಾತ್ರ, ಬೀನ್ಸ್ ಎರಡನೇ ಜೊತೆ ಎಲೆ ಬಿಡುವ ಹೊತ್ತಿಗೆ ಟೈರಿನಡಿ ಸಿಗುತ್ತದೆ. ಕಬ್ಬು ಹೊರುವ ಟ್ರ್ಯಾಕ್ಟರಿಗೆ ಜೋರಿರಲಿ ಎಂದು 13.6 ಟೈರು ಹಾಕಿಸಿದವರಿಗೆ ಎರಡಡಿ ಸಾಲೂ ಬಿಗಿಯೇ. ನಾಟಿಗೆ ಮುಂಚೆ ಹಗ್ಗ ಎಳೆಯುವಾಗಲೇ ಇದನ್ನು ಯೋಚಿಸಬೇಕು. ಗಿಡ ನೆಟ್ಟು ಆಮೇಲೆ ಟ್ರ್ಯಾಕ್ಟರು ಹುಡುಕುವವರಿಗೆ ಯಾವ ಮೇಸ್ತ್ರಿಯೂ ಸಹಾಯ ಮಾಡಲಾರ.

ಚಕ್ರದ ಅಂತರ ಬದಲಿಸುವ ಕೆಲಸ ನೋಡಲು ಭಾರ, ಮಾಡಲು ಅಷ್ಟು ಕಷ್ಟವಿಲ್ಲ. ನಡುವಿನ ಡಿಸ್ಕು ಒಂದು ಬದಿಗೆ ತಗ್ಗು, ಇನ್ನೊಂದು ಬದಿಗೆ ಉಬ್ಬು. ಅದನ್ನು ತಿರುಗಿಸಿ ಹಾಕುವುದು, ರಿಮ್ಮಿನ ಕಿವಿಗಳನ್ನು ಡಿಸ್ಕಿನ ಒಳಗೋ ಹೊರಗೋ ಕೂರಿಸುವುದು, ರಿಮ್ಮನ್ನೇ ಮಗುಚುವುದು: ಈ ಮೂರರ ಜೋಡಣೆಯಿಂದ ಎಲ್ಲಾ ಹೆಜ್ಜೆಗಳೂ ಬರುತ್ತವೆ. ಮಗುಚಿದಾಗ ಟೈರಿನ ಹಲ್ಲಿನ ದಿಕ್ಕು ತಪ್ಪುವುದುಂಟು. ಟ್ರ್ಯಾಕ್ಟರಿನ ಹಿಂದೆ ನಿಂತು ನೋಡಿದರೆ ಬಾಣದ ತುದಿ ಮೇಲಕ್ಕಿರಬೇಕು. ಕೆಳಕ್ಕಿದ್ದರೆ ಎಡಗಾಲಿ ಬಲಕ್ಕೆ, ಬಲಗಾಲಿ ಎಡಕ್ಕೆ ಹೋಗಬೇಕು. ಟೈರಿನಲ್ಲಿ ನೀರು ತುಂಬಿಸಿದ್ದರೆ ಮೊದಲು ಖಾಲಿ ಮಾಡಿ. ಮುಂಗಾಲಿಗೆ ಎರಡೂ ಕಡೆ ಕಲ್ಲು ಕೊಟ್ಟು, ಜಾಕಿನ ಮೇಲೆ ಮಾತ್ರ ನಂಬಿಕೆ ಇಡದೆ ಆಕ್ಸಲ್ ಕೆಳಗೆ ಮರದ ದಿಮ್ಮಿ ಕೊಡಬೇಕು. ನಟ್ಟುಗಳನ್ನು ಎದುರುಬದುರಾಗಿ ಬಿಗಿದು, ಒಂದು ಗಂಟೆ ಓಡಿಸಿದ ಮೇಲೆ ಮತ್ತೆ ಬಿಗಿಯಬೇಕು. ಈ ಎರಡನೇ ಬಿಗಿತ ಮರೆತ ಗಾಡಿಗಳ ಡಿಸ್ಕಿನಲ್ಲಿ ತೂತುಗಳು ಮೊಟ್ಟೆಯಾಕಾರಕ್ಕೆ ಸವೆದಿರುವುದನ್ನು ದಾರಿಯುದ್ದಕ್ಕೂ ನೋಡಬಹುದು.

ಮುಂದಿನ ಚಕ್ರಗಳೂ ಅದೇ ಸಂದಿನಲ್ಲಿ ನಡೆಯಬೇಕು. ಹಿಂದಕ್ಕೆ ಬಾಗಿದ ತೋಳುಗಳಿರುವ ಫರ್ಗ್ಯುಸನ್ ಪದ್ಧತಿಯ ಮುಂಗಂಬಿಯಲ್ಲಿ (ಮುಂದಿನ ಆಕ್ಸಲ್) ಎರಡೂ ಬದಿ ಸಮನಾಗಿ ಜರುಗಿಸಿದರೆ ಸ್ಟೇರಿಂಗ್ ಜೋಡಣೆ ಕೆಡುವುದಿಲ್ಲ. ನೇರ ಅಡ್ಡಗಂಬಿಯ ಗಾಡಿಗಳಲ್ಲಿ ಎರಡು ಮುಂಚಕ್ರಗಳನ್ನು ಜೋಡಿಸುವ ಟೈ ರಾಡನ್ನೂ ಅಷ್ಟೇ ಉದ್ದ ಮಾಡಬೇಕು.

ಪಾಂಡವಪುರ ದಾಟಿದ ಮೇಲೆ ಸಿಗುವ ಹಳ್ಳಿಗಳಲ್ಲಿ ಸಿಮೆಂಟು ಕಣಗಳಿವೆ. ರಾಗಿ ಒಕ್ಕಣೆ ಮುಗಿದ ಮೇಲೆ ಖಾಲಿ ಬಿದ್ದಿರುವ ಈ ಕಣವೇ ಕಲ್ಟಿವೇಟರ್ (ಟ್ರ್ಯಾಕ್ಟರಿನ ಹಿಂದೆ ಕಟ್ಟುವ, ಮಣ್ಣು ಕೆರೆಯುವ ಹಲ್ಲುಗಳ ಚೌಕಟ್ಟು) ಹೊಂದಿಸಲು ಅತ್ಯುತ್ತಮ ಜಾಗ. ಹೊಲದಲ್ಲಿ ನಿಂತು ಹಲ್ಲು ಜರುಗಿಸುವವರೇ ಹೆಚ್ಚು, ಆದರೆ ಉಬ್ಬುತಗ್ಗಿನ ಮಣ್ಣಿನ ಮೇಲೆ ಯಾವ ಅಳತೆಯೂ ನಿಲ್ಲುವುದಿಲ್ಲ. ಕಣದ ಮೇಲೆ ಸೀಮೆಸುಣ್ಣದಿಂದ ನಡುಗೆರೆ ಒಂದು, ಅದರಿಂದ ಎರಡೂ ಕಡೆ 12 ಇಂಚಿಗೆ ಗಿಡದ ಸಾಲು, 24 ಇಂಚಿಗೆ ಚಕ್ರದ ಗೆರೆ ಎಳೆಯಿರಿ. ಹಿಂದಿನ ಎರಡೂ ಟೈರಿನಲ್ಲಿ ಗಾಳಿ ಒಂದೇ ಸಮ ಇರಲಿ. 12ರಿಂದ 14 ಪಿಎಸ್‌ಐ ಸಾಕು. ಒಂದರಲ್ಲಿ ಕಡಿಮೆಯಿದ್ದರೆ ಇಡೀ ಚೌಕಟ್ಟು ಓರೆಯಾಗಿ ಒಂದು ಬದಿ ಆಳ, ಇನ್ನೊಂದು ಬದಿ ಮೇಲೆ ಕೆರೆಯುತ್ತದೆ. ಎರಡು ಇಂಚು ಆಳ ಬೇಕಿದ್ದರೆ ನಾಲ್ಕೂ ಚಕ್ರದ ಕೆಳಗೆ ಒಂದೂವರೆ ಇಂಚಿನ ಹಲಗೆ ಇಟ್ಟು ಗಾಡಿ ಹತ್ತಿಸಿ. ಉಳಿದ ಅರ್ಧ ಇಂಚು ಟೈರು ಮಣ್ಣಿನಲ್ಲಿ ತಾನೇ ಇಳಿಯುತ್ತದೆ. ಈಗ ಕಲ್ಟಿವೇಟರ್ ನೆಲಕ್ಕೆ ಬಿಟ್ಟರೆ ಎಲ್ಲಾ ಗುಳಗಳೂ (ಹಲ್ಲಿನ ತುದಿಯ ಕಬ್ಬಿಣದ ಅಲಗು) ಸಿಮೆಂಟಿಗೆ ತಾಗಬೇಕು. ತಾಗದ ಹಲ್ಲನ್ನು ಸಡಿಲಿಸಿ ಇಳಿಸಿ. ಬಲಗಡೆ ಲಿಫ್ಟ್ ರಾಡಿನ ಹಿಡಿಕೆ ತಿರುಗಿಸಿದರೆ ಅಡ್ಡಮಟ್ಟ ಸರಿಹೋಗುತ್ತದೆ, ಟಾಪ್ ಲಿಂಕ್ ತಿರುಗಿಸಿದರೆ ಮೂತಿ ಏರಿ ಇಳಿಯುತ್ತದೆ. ಅಗಲ ರೆಕ್ಕೆಯ ಸ್ವೀಪ್ ಗುಳದ ಮೂತಿ ಅದರ ರೆಕ್ಕೆಯ ಹಿಂತುದಿಗಿಂತ ಸುಮಾರು 3 ಮಿ.ಮೀ. ಕೆಳಗಿದ್ದರೆ ಸಾಕು. ಹೆಚ್ಚು ಬಾಗಿಸಿದರೆ ಗುಳಿ ತೋಡುತ್ತದೆ, ಮೂತಿ ಮೇಲೆದ್ದರೆ ಮಣ್ಣಿನ ಮೇಲೆ ಜಾರಿ ಕಳೆಯನ್ನು ಸವರಿಕೊಂಡು ಹೋಗುತ್ತದೆ.

ಒಂಬತ್ತು ಹಲ್ಲಿನ ಸಾಮಾನ್ಯ ಕಲ್ಟಿವೇಟರ್ ಎರಡಡಿ ಸಾಲಿಗೆ ಲೆಕ್ಕ ಹಾಕಿ ಮಾಡಿದಂತೆ ಹೊಂದುತ್ತದೆ. ಗಿಡದ ಎರಡೂ ಬದಿ ನಾಲ್ಕು ನಾಲ್ಕು ಇಂಚು ಮುಟ್ಟಬಾರದು. ಆಗ ಪ್ರತಿ ಸಂದಿನಲ್ಲಿ ಕೆರೆಯಬೇಕಾದ್ದು 16 ಇಂಚು. ಅದಕ್ಕೆ ಮೂರು ಹಲ್ಲು: ಹಿಂದಿನ ಪಟ್ಟಿಯಲ್ಲಿ ಸಂದಿನ ನಡುವೆ 12 ಇಂಚಿನ ಸ್ವೀಪ್ ಒಂದು, ಮುಂದಿನ ಪಟ್ಟಿಯಲ್ಲಿ ಅದರ ಆಚೆಈಚೆ ಆರಾರು ಇಂಚಿಗೆ ನಾಲ್ಕು ಇಂಚಿನ ಕಿರಿದಾದ ಗುಳ ಎರಡು. ಸ್ವೀಪಿನ ರೆಕ್ಕೆ ಗುಳದ ಜಾಡಿನ ಮೇಲೆ ಎರಡು ಇಂಚು ಹಾಯುತ್ತದೆ, ಕಳೆ ತಪ್ಪಿಸಿಕೊಳ್ಳಲು ಸಂದು ಸಿಗುವುದಿಲ್ಲ. ನಡುವಿನ ಸಂದಿಗೆ ಮೂರು, ಚಕ್ರದ ಸಂದುಗಳಿಗೆ ಮೂರು ಮೂರು. ನಡುಗೆರೆಯಿಂದ ಎರಡೂ ಕಡೆ ಇಂಚಿನಲ್ಲಿ ಅಳೆದರೆ ಹಿಂಪಟ್ಟಿಯ ಹಲ್ಲುಗಳು 0 ಮತ್ತು 24ರಲ್ಲಿ, ಮುಂಪಟ್ಟಿಯವು 6, 18, 30ರಲ್ಲಿ. 24ರ ಸ್ವೀಪ್ ಟೈರು ತುಳಿದು ಗಟ್ಟಿ ಮಾಡಿದ ನೆಲವನ್ನೂ ಸಡಿಲಿಸುತ್ತದೆ. ಹಳೇ ಚೌಕಟ್ಟುಗಳಲ್ಲಿ ಹಲ್ಲು ಕೂರುವ ತೂತುಗಳು ಮೊದಲೇ ಕೊರೆದಿರುತ್ತವೆ. ಹೊಸ ತೂತು ಕೊರೆದು ಪಟ್ಟಿ ಸೊರಗಿಸುವ ಬದಲು ಯು-ಬೋಲ್ಟ್ ಹಾಕಿಸುವುದು ಲೇಸು.

ಕೊನೆಯ ಎರಡು ಹಲ್ಲು, ಅಂದರೆ 30ರಲ್ಲಿರುವವು, ಎಲ್ಲರಿಗೂ ಅಲ್ಲ. ಎರಡೆರಡು ಸಾಲು ಗುರುತು ಹಾಕಿಕೊಂಡು ನಾಟಿ ಮಾಡಿದ ಹೊಲದಲ್ಲಿ ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವಿನ ಸಂದು ಒಂದೇ ಅಳತೆ ಇರುವುದಿಲ್ಲ, ಒಂದೆಡೆ ಎರಡು ಇಂಚು ಹೆಚ್ಚು, ಒಂದೆಡೆ ಕಡಿಮೆ. ಅಲ್ಲಿ ಹೊರಗಿನ ಹಲ್ಲು ಪಕ್ಕದ ಸಾಲನ್ನೇ ಕಿತ್ತುಕೊಂಡು ಬರುತ್ತದೆ. ಅದನ್ನು ಬಿಚ್ಚಿಟ್ಟು, 24ರ ಸ್ವೀಪನ್ನು ಎಂಟು ಇಂಚಿನದಕ್ಕೆ ಇಳಿಸಿ, ಏಳು ಹಲ್ಲಿನಲ್ಲೇ ಓಡಿಸಿ. ಸಂದಿನ ಉಳಿದರ್ಧ ಮುಂದಿನ ಸುತ್ತಿನಲ್ಲಿ ಮುಗಿಯುತ್ತದೆ. ಸ್ಪ್ರಿಂಗ್ ಹಲ್ಲಿನ ಕಲ್ಟಿವೇಟರ್ ಆದರೆ ಗುಳದ ತುದಿ ಹಿಡಿದು ಅಡ್ಡಡ್ಡ ಅಲ್ಲಾಡಿಸಿ ನೋಡಿ. ಒಂದು ಸೆಂ.ಮೀ.ಗಿಂತ ಹೆಚ್ಚು ಆಡಿದರೆ ಬುಷ್ ಸವೆದಿದೆ ಎಂದರ್ಥ, ನಾಲ್ಕು ಇಂಚು ಬಿಟ್ಟದ್ದಕ್ಕೆ ಬೆಲೆಯಿಲ್ಲ. ಲೋಯರ್ ಲಿಂಕಿನ ಗುಂಡು, ಸ್ಟೇರಿಂಗಿನ ಸಡಿಲು, ಕಿಂಗ್ ಪಿನ್ ಬುಷ್ಷು ಇವಕ್ಕೂ ಇದೇ ಮಾತು. ಕಬ್ಬಿನ ಟ್ರೇಲರಿಗೆ ಹಾಕಿದ ಅಡ್ಡಪಟ್ಟಿಯ ಹುಕ್ಕು ಬಿಚ್ಚಬೇಕು, ಕಲ್ಟಿವೇಟರ್ ಅಡ್ಡಡ್ಡ ತೂಗದಂತೆ ಹಿಡಿಯುವ ಚೆಕ್ ಚೈನ್ ಎರಡನ್ನೂ ಸಮನಾಗಿ ಬಿಗಿಯಬೇಕು. ಉಳುಮೆಗೆ ಸಡಿಲ ಚೈನು ಸರಿ, ಸಾಲಿನ ನಡುವೆ ಅದೇ ಗಿಡಕ್ಕೆ ಕುತ್ತು.

ಹೈಡ್ರಾಲಿಕ್ಕಿನ ವಿಷಯದಲ್ಲಿ ಹಳೇ ಗಾಡಿಗಳಿಗೆ ತಮ್ಮದೇ ಹಠಗಳಿವೆ. ಮ್ಯಾಸಿ 35ರಲ್ಲಿ ಲಿಫ್ಟ್ ಪಂಪು ತಿರುಗುವುದು ಪಿಟಿಒ ಶಾಫ್ಟಿನಿಂದ, ಅಂದರೆ ಎಂಜಿನ್ ಶಕ್ತಿಯನ್ನು ಹಿಂದಿನ ಸಲಕರಣೆಗೆ ಒಯ್ಯುವ ದಂಡದಿಂದ. ಪಿಟಿಒ ಲಿವರ್ ಹಾಕದಿದ್ದರೆ ಲಿಫ್ಟ್ ಏಳುವುದಿಲ್ಲ. ಒಂಟಿ ಕ್ಲಚ್ಚಿನ ಗಾಡಿಯಲ್ಲಿ ಕ್ಲಚ್ ತುಳಿದರೆ ಪಂಪೂ ನಿಲ್ಲುತ್ತದೆ. ಬದುವಿನ ಹತ್ತಿರ ಬಂದು ಕ್ಲಚ್ ತುಳಿದು ಲಿವರ್ ಎತ್ತುವ ಚಾಲಕರ ಸಾಲಿನ ತುದಿಯ ಗಿಡಗಳೆಲ್ಲ ಹೋಗಿರುವುದು ಇದೇ ಕಾರಣಕ್ಕೆ: ಲಿವರ್ ಮೊದಲು, ಕ್ಲಚ್ ಆಮೇಲೆ. ಎತ್ತಿಟ್ಟ ಕಲ್ಟಿವೇಟರ್ ಎಂಜಿನ್ ಆರಿಸಿದ ಹತ್ತು ನಿಮಿಷದಲ್ಲಿ ಗೇಣುದ್ದ ಇಳಿದರೆ ಪಿಸ್ಟನ್ ಸೀಲೋ ಕಂಟ್ರೋಲ್ ವಾಲ್ವೋ ಸೋರುತ್ತಿದೆ. ಸೋರಿದ ಎಣ್ಣೆ ಒಳಗೇ ಬೀಳುವುದರಿಂದ ಹೊರಗೆ ಕಾಣಿಸದು. ಇನ್ನು ಡ್ರಾಫ್ಟ್ ಕಂಟ್ರೋಲ್. ಅದು ನೇಗಿಲಿನ ಎಳೆತವನ್ನು ನಂಬಿ ಆಳ ಹಿಡಿಯುವ ಏರ್ಪಾಡು. ಎರಡು ಇಂಚು ಕೆರೆಯುವಾಗ ಎಳೆತ ಅದಕ್ಕೆ ಗೊತ್ತೇ ಆಗದಷ್ಟು ಕಡಿಮೆ, ಹಾಗಾಗಿ ಹಲ್ಲು ಒಮ್ಮೆ ಮುಳುಗಿ ಒಮ್ಮೆ ತೇಲುತ್ತದೆ. ಸಲಕರಣೆಯನ್ನು ಒಂದೇ ಎತ್ತರದಲ್ಲಿ ಹಿಡಿಯುವ ಪೊಸಿಷನ್ ಕಂಟ್ರೋಲ್‌ಗೆ ಹಾಕಿ. ಅದೂ ಇಲ್ಲದ ಇನ್ನೂ ಹಳೆಯ ಗಾಡಿಯಾದರೆ ಚೌಕಟ್ಟಿನ ಎರಡು ತುದಿಗೂ ಆಳ ಹಿಡಿಯುವ ಪುಟ್ಟ ಚಕ್ರ ಬೇಕೇಬೇಕು.

ವಿಶ್ವೇಶ್ವರಯ್ಯ ನಾಲೆಯ ಕೆಳಗೆ ಗದ್ದೆ, ಮೇಲೆ ಬೋರ್‌ವೆಲ್ ನೀರಿನ ಕೆಮ್ಮಣ್ಣು. ಎಡೆ ಹೊಡೆಯುವುದು, ಅಂದರೆ ಸಾಲಿನ ನಡುವೆ ಕಳೆ ಕೆರೆಯುವುದು, ಈ ಕೆಮ್ಮಣ್ಣಿನಲ್ಲಿ. ಮಳೆ ಬಿದ್ದು ಒಣಗಿದರೆ ಮೇಲ್ಪದರ ಹೆಪ್ಪುಗಟ್ಟುವ ಮಣ್ಣಿದು. ತಡ ಮಾಡಿದರೆ ಹೆಂಟೆ ಎದ್ದು ಎಳೆಗಿಡದ ಮೇಲೆ ಮಗುಚುತ್ತದೆ, ಅವಸರ ಮಾಡಿದರೆ ಗುಳಕ್ಕೆ ಮೆತ್ತಿಕೊಳ್ಳುತ್ತದೆ. ಮುಷ್ಟಿಯಲ್ಲಿ ಉಂಡೆ ಕಟ್ಟಿ ಸೊಂಟದೆತ್ತರದಿಂದ ಬಿಡಿ, ಬಿದ್ದು ಒಡೆದರೆ ಹದ. ಮೊದಲ ಸುತ್ತು ಗಂಟೆಗೆ ಮೂರು ನಾಲ್ಕು ಕಿ.ಮೀ. ಮೀರಬಾರದು, ಗಿಡ ಗೇಣುದ್ದ ಆದ ಮೇಲೆ ಐದಾರಕ್ಕೆ ಏರಿಸಬಹುದು. ಕಳೆ ಇನ್ನೂ ಬಿಳಿ ದಾರದಂಥ ಬೇರಿನ ಹಂತದಲ್ಲಿದ್ದಾಗ, ಬಿಸಿಲಿನ ದಿನ ನೋಡಿ ಹೊಡೆದರೆ ಅರ್ಧ ದಿನದಲ್ಲಿ ಬಾಡುತ್ತದೆ. ಗರಿಕೆ, ಕೊನ್ನಾರಿ ಇರುವ ತಾಕಿಗೆ ಈ ಮಾತು ಅನ್ವಯಿಸದು. ಹಲ್ಲಿಗೆ ಸಿಕ್ಕ ಗರಿಕೆ ಬಳ್ಳಿ ಹೊಲದ ತುಂಬ ಹರಡುತ್ತದೆ, ಕೊನ್ನಾರಿ ಗಡ್ಡೆ ಚೂರಾಗಿ ಹೆಚ್ಚುತ್ತದೆ. ಅವನ್ನು ನಾಟಿಗೆ ಮುಂಚೆಯೇ ಆರಿಸಿ ತೆಗೆಯಬೇಕು. ಹನಿ ನೀರಾವರಿ ಪೈಪು ಸಾಲಿನಲ್ಲಿದ್ದರೆ ಒಂದು ಬದಿಗೆ ಗಿಡದ ಬುಡಕ್ಕೆ ಒತ್ತರಿಸಿ, ಇಲ್ಲವೇ ಎರಡನೇ ಎಡೆ ಮುಗಿದ ಮೇಲೆ ಹಾಸಿ.

ಹಿಂದೆ ಕಟ್ಟಿದ ಕಲ್ಟಿವೇಟರಿಗೆ ಒಂದು ಹುಟ್ಟುಗುಣವಿದೆ. ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಅದು ಮೊದಲು ಬಲಕ್ಕೆ ಸರಿಯುತ್ತದೆ. ಅಮೆರಿಕದಲ್ಲಿ 1947ರ ಫಾರ್ಮಾಲ್ ಕಬ್, 1948ರ ಆಲಿಸ್ ಚಾಮರ್ಸ್ ಜಿ ಮುಂತಾದ ಪುಟ್ಟ ಟ್ರ್ಯಾಕ್ಟರುಗಳಿಗೆ ಚಾಲಕನ ಕಣ್ಣೆದುರೇ, ಹೊಟ್ಟೆಯಡಿಯಲ್ಲಿ ಹಲ್ಲು ಕಟ್ಟಿದ್ದು ಇದಕ್ಕಾಗಿಯೇ. ಜಿ ಮಾದರಿಯಲ್ಲಂತೂ ಎಂಜಿನ್ನನ್ನೇ ಹಿಂದಕ್ಕೆ ಹಾಕಿದರು. ನಮ್ಮಲ್ಲಿರುವ ಗಾಡಿಗಳಲ್ಲಿ ಅದಿಲ್ಲ, ಆದ್ದರಿಂದ ಚಾಲಕ ಹಿಂದಕ್ಕೆ ತಿರುಗಿ ನೋಡಕೂಡದು. ಮುಂಗಂಬಿಯಿಂದ ಒಂದು ಸಾಲಿನ ನೇರಕ್ಕೆ ತಂತಿಯ ತುಂಡು ಇಳಿಬಿಟ್ಟು ಅದರ ತುದಿ ಗಿಡದ ಮೇಲೇ ನಿಲ್ಲುವಂತೆ ಓಡಿಸಬೇಕು. ಹಿಂದೆ ನಡೆದು ನೋಡುವುದು ಇನ್ನೊಬ್ಬರ ಕೆಲಸ. ಮೊದಲ 50 ಅಡಿ ಹೋಗಿ ನಿಲ್ಲಿಸಿ, ಸಡಿಲ ಮಣ್ಣನ್ನು ಕೈಯಿಂದ ಸರಿಸಿ, ಕೆರೆಯದೆ ಉಳಿದ ಪಟ್ಟಿ ಇದೆಯೇ ನೋಡಿ ಮುಂದುವರಿಯಬೇಕು. ತಿರುಗಲು ಎರಡೂ ತುದಿಯಲ್ಲಿ 15ರಿಂದ 18 ಅಡಿ ಜಾಗ ಬೇಕು. ತುಂಡು ಹೊಲದವರು ಆ ಜಾಗಕ್ಕೆ ಸೊಪ್ಪು ಹಾಕಿಕೊಳ್ಳುವುದು ಕಂಡಿತು, ಒಳ್ಳೆಯ ಉಪಾಯ.

ಮಂಡ್ಯ ಮುಟ್ಟುವ ಮುಂಚೆ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರ. ಇಂಡಾಫ್ ರಾಗಿ ತಳಿಗಳು ತಳಿವಿಜ್ಞಾನಿ ಲಕ್ಷ್ಮಣಯ್ಯನವರ ಕೈಯಲ್ಲಿ ರೂಪುಗೊಂಡ ಜಾಗ. ರಾಗಿಯ ಸಾಲು ಒಂದಡಿ, ಟೈರಿನ ಅಗಲವೂ ಅಷ್ಟೇ, ಹಾಗಾಗಿ ಅಲ್ಲಿ ಎತ್ತಿನ ಎಡೆಕುಂಟೆಯೇ ಸರಿ. ಟ್ರ್ಯಾಕ್ಟರೇ ಬೇಕೆನ್ನುವವರು ಕೂರಿಗೆಯಲ್ಲಿ ಪ್ರತಿ ನಾಲ್ಕನೇ ಸಾಲಿಗೆ ಬೀಜ ಬಿಡದೆ ಚಕ್ರಕ್ಕೆ ದಾರಿ ಉಳಿಸಿಕೊಳ್ಳಬಹುದು. ಕಾಲು ಭಾಗ ಸಾಲು ಹೋಗುತ್ತದೆ, ಲೆಕ್ಕ ಗಿಟ್ಟುವುದು ಕಷ್ಟ.

ತರಕಾರಿಯಲ್ಲೂ ಈ ಕೆಲಸಕ್ಕೆ ಅವಧಿ ಕಡಿಮೆ. ಈ ಗಾಡಿಗಳ ಹೊಟ್ಟೆ ನೆಲದಿಂದ ಸುಮಾರು ಒಂದಡಿ ಎತ್ತರ. ಟೊಮೆಟೊ ಅಷ್ಟು ಬೆಳೆಯುವುದರೊಳಗೆ ಎರಡು, ಹೆಚ್ಚೆಂದರೆ ಮೂರು ಎಡೆ. ಎರಡನೆಯದರಲ್ಲಿ ಗಿಡದಿಂದ ಆರು ಇಂಚು ದೂರ ಸರಿದು ಇನ್ನೂ ಮೇಲೆ ಕೆರೆಯಬೇಕು, ಬೇರು ಅಷ್ಟರಲ್ಲಿ ಸಂದಿಗೆ ಹರಡಿರುತ್ತದೆ. ಕೊನೆಯದರಲ್ಲಿ ಸ್ವೀಪ್ ಬಿಚ್ಚಿ ಮಣ್ಣೇರಿಸುವ ರೆಕ್ಕೆ ಹಾಕಿದರೆ ಬುಡಕ್ಕೆ ಮಣ್ಣೂ ಆಯಿತು. ಕಟಾವು ಶುರುವಾಗಿ ಗಾಡಿ ಟ್ರೇಲರಿಗೆ ಹೋಗುವ ಮುಂಚೆ, ಪ್ರತಿ ಹಲ್ಲಿನ ಎರಡೂ ಬದಿ ಚೌಕಟ್ಟಿನ ಮೇಲೆ ಉಳಿಯಿಂದ ಗುರುತು ಹೊಡೆದು ಅದರ ಮೇಲೆ ಬಣ್ಣ ಬಳಿದಿಡಿ. ಎರಡಡಿಗೆ ಒಂದು ಬಣ್ಣ, ಎರಡೂವರೆಗೆ ಇನ್ನೊಂದು.