ಓದು ಕಲಿಸುವ ತಂತ್ರಾಂಶಕ್ಕೆ ತಪ್ಪು ಉತ್ತರಗಳನ್ನು ಬರೆಯುವುದು

ಪ್ರಾಥಮಿಕ ಶಾಲೆಯ ಕೆಲಸದಿಂದ ನಿವೃತ್ತಳಾದ ಮೇಲೆ ನನ್ನ ಹೆಚ್ಚಿನ ಹೊತ್ತು ಮಕ್ಕಳಿಗೆ ಕನ್ನಡ ಓದು ಕಲಿಸುವ ಒಂದು ಪುಟ್ಟ ತಂತ್ರಾಂಶವನ್ನು ಕಟ್ಟುವುದರಲ್ಲಿ ಕಳೆಯುತ್ತಿದೆ. ವಿಷಯ ತಿಳಿದವರೆಲ್ಲ ಮೊದಲು ಕೇಳುವುದು ಈ ವಯಸ್ಸಿನಲ್ಲಿ ಪ್ರೋಗ್ರಾಮಿಂಗ್ ಹೇಗೆ ಕಲಿತಿರಿ ಎಂದು. ಎಚ್‌ಟಿಎಂಎಲ್, ಜಾವಾಸ್ಕ್ರಿಪ್ಟ್‌ಗಳನ್ನು ಕಲಿಯಲು ಪುಸ್ತಕಗಳಿವೆ, ವಿಡಿಯೊಗಳಿವೆ; ತಾಳ್ಮೆಯಿದ್ದವರು ಕಲಿಯಬಹುದು. ನಿಜವಾಗಿ ಕಷ್ಟವಾದ, ಮಕ್ಕಳ ಪಕ್ಕದಲ್ಲಿ ವರ್ಷಗಟ್ಟಲೆ ಕುಳಿತು ಅವರ ಓದನ್ನು ಕೇಳಿಸಿಕೊಂಡವರಿಗೆ ಮಾತ್ರ ಒಲಿಯುವ ಕೆಲಸ ಬೇರೆಯೇ ಇದೆ. ಅದು ತಪ್ಪು ಉತ್ತರಗಳನ್ನು ಆರಿಸುವ ಕೆಲಸ.

ನನ್ನ ತಂತ್ರಾಂಶದ ಒಂದು ಪರದೆಯನ್ನು ನೋಡೋಣ. ಮಗು ಗುಂಡಿಯನ್ನು ಮುಟ್ಟಿದರೆ ‘ಬಳೆ’ ಎಂಬ ಪದ ಕೇಳಿಸುತ್ತದೆ. ಪರದೆಯ ಮೇಲೆ ಬಲೆ, ಬಳೆ, ಬಾಳೆ, ಬೆಳೆ ಎಂಬ ನಾಲ್ಕು ಪದಗಳಿರುತ್ತವೆ. ಕೇಳಿದ ಪದ ಯಾವುದೋ ಅದನ್ನು ಮಗು ಮುಟ್ಟಬೇಕು. ಇದೇ ಜಾಗದಲ್ಲಿ ಆನೆ, ಬಳೆ, ಹೂವು, ಮರ ಎಂಬ ಪದಗಳಿದ್ದಿದ್ದರೆ ಮಗು ಮೊದಲ ಅಕ್ಷರವನ್ನು ನೋಡಿಯೇ ಸರಿಯುತ್ತರ ಮುಟ್ಟುತ್ತಿತ್ತು, ಯಂತ್ರ ಚಪ್ಪಾಳೆ ತಟ್ಟುತ್ತಿತ್ತು, ಮಗುವಿಗೆ ಓದಲು ಬರುತ್ತದೆಯೋ ಇಲ್ಲವೋ ಎಂಬುದು ಯಾರಿಗೂ ತಿಳಿಯುತ್ತಿರಲಿಲ್ಲ. ಮಾರುಕಟ್ಟೆಯಲ್ಲಿರುವ ಅನೇಕ ಆ್ಯಪ್‌ಗಳು ಹೀಗೆಯೇ ಇವೆ. ನೋಡಲು ಸುಂದರವಾಗಿದ್ದರೂ ಅವು ಮಗುವಿನ ಓದಿನ ಬಗ್ಗೆ ಏನನ್ನೂ ಹೇಳುವುದಿಲ್ಲ.

ಬಲೆ, ಬಾಳೆ, ಬೆಳೆ ಎಂಬ ಮೂರೂ ತಪ್ಪುಗಳು ಒಂದೇ ಬಗೆಯವಲ್ಲ. ‘ಬಲೆ’ಯನ್ನು ಮುಟ್ಟಿದ ಮಗುವಿಗೆ ಲಕಾರ ಳಕಾರಗಳ ವ್ಯತ್ಯಾಸ ಇನ್ನೂ ಕಿವಿಗೆ ಹತ್ತಿಲ್ಲ, ಮನೆಮಾತಿನಲ್ಲಿ ಳಕಾರವೇ ಇಲ್ಲದ ಮಕ್ಕಳಲ್ಲಿ ಇದು ಸಹಜ, ಅವರಿಗೆ ಬರಹಕ್ಕಿಂತ ಮೊದಲು ಕೇಳುವ ಅಭ್ಯಾಸ ಬೇಕು. ‘ಬಾಳೆ’ಯನ್ನು ಮುಟ್ಟಿದ ಮಗು ಹ್ರಸ್ವ ದೀರ್ಘಗಳಲ್ಲಿ ತೊಡಕುತ್ತಿದೆ. ‘ಬೆಳೆ’ಯನ್ನು ಮುಟ್ಟಿದ ಮಗುವಿನ ಕಣ್ಣು ಪದದ ಕೊನೆಗೆ ಮಾತ್ರ ಹೋಗಿದೆ, ಮೊದಲ ಅಕ್ಷರದ ಎತ್ವವನ್ನು ಗಮನಿಸಿಲ್ಲ. ಮೂವರಿಗೂ ‘ತಪ್ಪು, ಮತ್ತೆ ಪ್ರಯತ್ನಿಸು’ ಎಂದು ಹೇಳಿ ಕಳುಹಿಸಿದರೆ ಯಾರಿಗೂ ಪ್ರಯೋಜನವಿಲ್ಲ. ಆದ್ದರಿಂದ ಮಗು ಯಾವ ತಪ್ಪನ್ನು ಆರಿಸಿತು ಎಂಬುದನ್ನು ತಂತ್ರಾಂಶ ನೆನಪಿಟ್ಟುಕೊಂಡು, ಮುಂದಿನ ಪದಗಳನ್ನು ಅದೇ ತೊಡಕಿನ ಸುತ್ತ ಆಯ್ದು ಕೊಡುತ್ತದೆ. ಶಿಕ್ಷಕರಿಗಾಗಿ ಇರುವ ಪುಟದಲ್ಲಿ ಅಂಕಗಳಿಲ್ಲ; ಯಾವ ಮಗು ಎಲ್ಲಿ ತೊಡಕುತ್ತಿದೆ ಎಂಬುದನ್ನು ತೋರಿಸುವ ಒಂದು ಪಟ್ಟಿ ಮಾತ್ರ ಇದೆ.

ಕೇಳಿ ಆರಿಸುವ ಈ ವಿಧಾನ ನನ್ನ ಸೃಷ್ಟಿಯಲ್ಲ. ಕಂಪ್ಯೂಟರಿನ ಮೂಲಕ ಓದು ಕಲಿಸುವ ಪ್ರಯೋಗಗಳು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1960ರ ದಶಕದಲ್ಲೇ ನಡೆದಿದ್ದವು. ಫಿನ್ಲೆಂಡಿನ ಯುವಾಸ್ಕುಲಾ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ, ಓದು ಕಲಿಸುವ ಆಟವಾದ ಗ್ರಾಫೋಗೇಮ್‌ನಲ್ಲಿಯೂ ಮಗು ಧ್ವನಿಯನ್ನು ಕೇಳಿ ಅದಕ್ಕೆ ಹೊಂದುವ ಅಕ್ಷರವನ್ನು ಮುಟ್ಟುತ್ತದೆ. ಆದರೆ ಫಿನ್ನಿಷ್ ಭಾಷೆಯ ಮಗು ಕಲಿಯಬೇಕಾದ ಅಕ್ಷರಗಳು ಮೂವತ್ತನ್ನೂ ಮುಟ್ಟುವುದಿಲ್ಲ. ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರಗಳೆಂದು ಹೇಳಿದರೂ, 34 ವ್ಯಂಜನಗಳಿಗೆ ಕಾಗುಣಿತ ಸೇರಿದಾಗ ಮಗು ಗುರುತಿಸಬೇಕಾದ ರೂಪಗಳು 400ನ್ನು ದಾಟುತ್ತವೆ, ಅದರ ಮೇಲೆ ಒತ್ತಕ್ಷರಗಳಿವೆ. ಕನ್ನಡ ಓದುವ ಮಕ್ಕಳನ್ನು ಅಧ್ಯಯನ ಮಾಡಿ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಅಕ್ಷರಗಳ ಕಲಿಕೆ ಮೊದಲೆರಡು ವರ್ಷಗಳಲ್ಲಿ ಮುಗಿಯುವುದಿಲ್ಲ, ನಾಲ್ಕನೇ ತರಗತಿಯವರೆಗೂ ಮುಂದುವರಿಯುತ್ತದೆ ಎಂಬುದು ಕಂಡುಬಂದಿದೆ. ತರಗತಿಯಲ್ಲಿ ನಿಂತವರಿಗೆ ಇದು ಅನುಭವದಿಂದಲೇ ಗೊತ್ತು. ಆದರೂ ಎರಡನೇ ತರಗತಿಯ ಕೊನೆಗೆ ‘ಇನ್ನೂ ಓದಲು ಬರುವುದಿಲ್ಲ’ ಎಂದು ಮಗುವಿನ ಮೇಲೆ ಹಣೆಪಟ್ಟಿ ಹಚ್ಚುವುದನ್ನು ನಾವು ಬಿಟ್ಟಿಲ್ಲ, ಅದು ನನಗೆ ಇಂದಿಗೂ ನೋವುಂಟುಮಾಡುತ್ತದೆ.

ಪಾಠಗಳ ಕ್ರಮದಲ್ಲಿ ನಾನು ಹೊಸದೇನನ್ನೂ ಮಾಡಿಲ್ಲ. ವರ್ಣಮಾಲೆಯ ಅನುಕ್ರಮವನ್ನು ಬಿಟ್ಟು ರ, ಗ, ಸ, ದ, ಅ ಅಕ್ಷರಗಳಿಂದ ಆರಂಭಿಸುವ ಪದ್ಧತಿ ನಮ್ಮ ಶಾಲೆಗಳಲ್ಲಿ ರೂಢಿಯಲ್ಲಿದೆ. ಐದೇ ಅಕ್ಷರಗಳಲ್ಲಿ ಸರ, ಅರಸ, ಅಗಸ, ಗರಗಸ ಎಂಬ ಪದಗಳು ಮಗುವಿನ ಕೈಗೆ ಬರುತ್ತವೆ. ಅದನ್ನೇ ಇಟ್ಟುಕೊಂಡಿದ್ದೇನೆ.

ಒತ್ತಕ್ಷರಗಳಿಗೆ ಬಂದಾಗ ತಪ್ಪುತ್ತರಗಳ ಆಯ್ಕೆ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಕತ್ತೆ ಎಂಬುದಕ್ಕೆ ಕತೆ, ಹಳ್ಳಿ ಎಂಬುದಕ್ಕೆ ಹಲ್ಲಿ ಸುಲಭವಾಗಿ ಸಿಗುತ್ತವೆ. ಅರ್ಕಾವತ್ತಿಗೆ ಜೋಡಿ ಹುಡುಕುವುದು ಕಷ್ಟ. ‘ಸೂರ್ಯ’ ಎಂಬ ಪದದಲ್ಲಿ ರಕಾರವನ್ನು ಯಕಾರಕ್ಕಿಂತ ಮೊದಲು ಉಚ್ಚರಿಸುತ್ತೇವೆ, ಆದರೆ ಅದರ ಗುರುತು ಯಕಾರದ ಆಚೆ ಕುಳಿತಿರುತ್ತದೆ. ಎಡದಿಂದ ಬಲಕ್ಕೆ ಓದಬೇಕೆಂದು ನಾವೇ ಕಲಿಸಿದ ಮಗು ‘ಸೂಯರ’ ಎಂದು ಓದಿದರೆ ಅದು ಅಜಾಗ್ರತೆಯಿಂದ ಓದಿದ್ದಲ್ಲ, ಕಲಿಸಿದ ನಿಯಮವನ್ನು ನಿಷ್ಠೆಯಿಂದ ಪಾಲಿಸಿದ್ದು. ಇಲ್ಲಿ ನನಗೆ ಬಹಳ ನೆರವಾದ ಜೋಡಿ ಎಂದರೆ ಕ್ರಮ ಮತ್ತು ಕರ್ಮ. ಎರಡರಲ್ಲಿಯೂ ಇರುವುದು ಕ, ರ, ಮ ಎಂಬ ಅವೇ ವ್ಯಂಜನಗಳು. ರಕಾರ ಕಕಾರದ ಕೆಳಗೆ ಒತ್ತಾಗಿ ಬಂದಿದೆಯೋ ಮಕಾರದ ಪಕ್ಕದಲ್ಲಿ ಅರ್ಕಾವತ್ತಾಗಿ ನಿಂತಿದೆಯೋ ಎಂಬುದಷ್ಟೇ ವ್ಯತ್ಯಾಸ. ಅರ್ಥವಿಲ್ಲದ ಪದಗಳನ್ನು ತಪ್ಪುತ್ತರವಾಗಿ ಕೊಡಬಹುದೆಂದು ಕೆಲವರು ಸಲಹೆ ನೀಡಿದರು. ಎಳೆಯ ಮಕ್ಕಳ ಕಣ್ಣಿಗೆ ಇಲ್ಲದ ಪದಗಳನ್ನು ಅಚ್ಚಿನಲ್ಲಿ ತೋರಿಸುವುದು ನನಗೆ ಒಪ್ಪಿಗೆಯಾಗಲಿಲ್ಲ, ಅದಕ್ಕಾಗಿ ಪದಗಳ ಹುಡುಕಾಟ ದೀರ್ಘವಾದರೂ ಚಿಂತೆಯಿಲ್ಲ.

ಕಂಪ್ಯೂಟರಿನ ಒಳಗೂ ಈ ಜೋಡಿಯ ಕತೆ ಸ್ವಾರಸ್ಯಕರವಾಗಿದೆ. ಕಂಪ್ಯೂಟರಿಗಾಗಿ ಅಕ್ಷರಗಳಿಗೆ ಸಂಕೇತಗಳನ್ನು ಕೊಡುವ ಪದ್ಧತಿಯಾದ ಯೂನಿಕೋಡ್‌ನಲ್ಲಿ ಒತ್ತಕ್ಷರಕ್ಕೆ ಬೇರೆ ಸಂಕೇತವಿಲ್ಲ. ಎರಡು ವ್ಯಂಜನಗಳ ನಡುವೆ ಒಂದು ವಿರಾಮಚಿಹ್ನೆ, ಅಂದರೆ ಅರ್ಧಾಕ್ಷರದ ಗುರುತು ಬಂದಾಗ ಅಕ್ಷರಶೈಲಿಯೇ ಒತ್ತನ್ನು ಬರೆಯುತ್ತದೆ. ಕ್ರಮ ಎಂಬಲ್ಲಿ ಆ ಗುರುತು ಕಕಾರದ ನಂತರ, ಕರ್ಮ ಎಂಬಲ್ಲಿ ರಕಾರದ ನಂತರ ಬರುತ್ತದೆ. ಯಂತ್ರ ಅಕ್ಷರಗಳನ್ನು ಉಚ್ಚಾರಣೆಯ ಕ್ರಮದಲ್ಲಿಯೇ ಜೋಡಿಸಿಡುತ್ತದೆ. ಆದರೆ ಜಾವಾಸ್ಕ್ರಿಪ್ಟ್ ‘ಸ್ತ್ರೀ’ ಎಂಬ ಒಂದೇ ಅಕ್ಷರವನ್ನು 6 ಎಂದು ಎಣಿಸುತ್ತದೆ. ಓದುತ್ತಿರುವ ಅಕ್ಷರಕ್ಕೆ ಬಣ್ಣ ಹಚ್ಚುತ್ತಾ ಹೋಗುವಾಗ ಈ ಎಣಿಕೆಯನ್ನು ನಂಬಿದರೆ ಒತ್ತು ಕಳಚಿಕೊಂಡು, ವ್ಯಂಜನವೊಂದು ಅರ್ಧಾಕ್ಷರವಾಗಿ ಒಂಟಿಯಾಗಿ ನಿಲ್ಲುತ್ತದೆ. ಆದ್ದರಿಂದ ವ್ಯಂಜನ, ವಿರಾಮ, ವ್ಯಂಜನ, ಸ್ವರಚಿಹ್ನೆ ಇವೆಲ್ಲವನ್ನೂ ಒಂದು ಘಟಕವಾಗಿ ಹಿಡಿದುಕೊಳ್ಳುವ ಸಣ್ಣ ನಿಯಮವೊಂದನ್ನು ಬರೆದುಕೊಳ್ಳಬೇಕಾಯಿತು. ಸಾಲುಗಳ ನಡುವಿನ ಅಂತರವನ್ನೂ ಹೆಚ್ಚಿಸಿದ್ದೇನೆ, ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಮಗುವಿನ ಕಣ್ಣು ದಾರಿ ತಪ್ಪುತ್ತದೆ.

ಧ್ವನಿಗೆ ಫೋನಿನಲ್ಲಿಯೇ ಇರುವ ಯಾಂತ್ರಿಕ ಸ್ವರವನ್ನು ಬಳಸಲಿಲ್ಲ. ಲಕಾರ ಳಕಾರಗಳನ್ನು ಬೇರ್ಪಡಿಸಿ ಕೇಳಬೇಕಾದ ಕಡೆ ಉಚ್ಚಾರಣೆ ಖಚಿತವಾಗಿರಬೇಕು. ಪ್ರತಿಯೊಂದು ಪದವನ್ನೂ ಮನುಷ್ಯರ ಧ್ವನಿಯಲ್ಲಿಯೇ ಮುದ್ರಿಸಿಕೊಂಡಿದ್ದೇನೆ. ಕಾಲಮಿತಿ, ನಾಣ್ಯ, ನಕ್ಷತ್ರಗಳು ಇಲ್ಲ. ಕೂಡಿಸಿಕೊಂಡು ಓದುವ ಮಗುವಿಗೆ ಮೌನದ ಹೊತ್ತು ಬೇಕು. ಓಡುತ್ತಿರುವ ಗಡಿಯಾರವನ್ನು ಎದುರಿಗಿಟ್ಟರೆ ಅದು ಓದುವುದನ್ನು ಬಿಟ್ಟು ಊಹಿಸಲು ತೊಡಗುತ್ತದೆ.

ಈಗ ವಾಕ್ಯಗಳ ಭಾಗವನ್ನು ಸಿದ್ಧಪಡಿಸುತ್ತಿದ್ದೇನೆ. 1986ರಲ್ಲಿ ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಅವರು ಓದನ್ನು ಅಕ್ಷರ ಬಿಡಿಸುವ ಶಕ್ತಿ ಮತ್ತು ಭಾಷೆಯನ್ನು ಗ್ರಹಿಸುವ ಶಕ್ತಿಗಳ ಗುಣಲಬ್ಧವೆಂದು ವಿವರಿಸಿದರು. ಎರಡರಲ್ಲಿ ಒಂದು ಸೊನ್ನೆಯಾದರೆ ಓದೂ ಸೊನ್ನೆ. ಪಟಪಟನೆ ಓದಿ, ಓದಿದ್ದೇನು ಎಂದು ಕೇಳಿದರೆ ಸುಮ್ಮನಾಗುವ ಮಕ್ಕಳನ್ನು ನಾವೆಲ್ಲ ಕಂಡಿದ್ದೇವೆ. ಅವರಿಗಾಗಿ ಒಂದು ಪುಟದಲ್ಲಿ ‘ನಾಯಿಯನ್ನು ಬೆಕ್ಕು ಅಟ್ಟಿಸಿಕೊಂಡು ಹೋಯಿತು’ ಎಂಬ ವಾಕ್ಯವನ್ನು ಕೊಟ್ಟು, ಕೆಳಗೆ ಎರಡು ಚಿತ್ರಗಳನ್ನು ಇಟ್ಟಿದ್ದೇನೆ. ಒಂದರಲ್ಲಿ ನಾಯಿ ಬೆಕ್ಕಿನ ಹಿಂದೆ ಓಡುತ್ತಿದೆ, ಇನ್ನೊಂದರಲ್ಲಿ ಬೆಕ್ಕು ನಾಯಿಯ ಹಿಂದೆ. ವಿಭಕ್ತಿ ಪ್ರತ್ಯಯವನ್ನು ಓದದೆ ನಾಯಿ, ಬೆಕ್ಕು, ಓಟ ಎಂಬಷ್ಟನ್ನೇ ಹಿಡಿದುಕೊಂಡ ಮಗು ತಾನು ಬಲ್ಲ ಲೋಕದ ಪ್ರಕಾರ ಮೊದಲ ಚಿತ್ರವನ್ನು ಮುಟ್ಟುತ್ತದೆ. ‘ಅನ್ನು’ ಎಂಬುದನ್ನು ಓದಿದ ಮಗು ಎರಡನೆಯದನ್ನು ಮುಟ್ಟುತ್ತದೆ, ಮುಟ್ಟಿ ನಗುತ್ತದೆ. ಬಹುತೇಕ ಎಲ್ಲ ಪುಟಗಳಿಂದ ಚಿತ್ರಗಳನ್ನು ದೂರವಿಟ್ಟ ನಾನು ಇಲ್ಲಿ ಮಾತ್ರ ಅವುಗಳನ್ನು ಸಂತೋಷದಿಂದ ಬಳಸಿದ್ದೇನೆ.

ಇಂಥ ವಾಕ್ಯಗಳು ಇನ್ನೂ ಬೇಕಾಗಿವೆ, ಪದಗಳ ಜೋಡಿಗಳಂತೂ ಎಷ್ಟಿದ್ದರೂ ಸಾಲವು. ಒಂದರಿಂದ ನಾಲ್ಕನೇ ತರಗತಿಯವರೆಗೆ ಪಾಠ ಮಾಡುತ್ತಿರುವವರು, ಮಾಡಿ ನಿವೃತ್ತರಾದವರು, ನಿಮ್ಮ ಮಕ್ಕಳು ಯಾವ ಪದವನ್ನು ಏನೆಂದು ಓದುತ್ತಾರೆ ಎಂಬುದನ್ನು ದಯವಿಟ್ಟು ಬರೆದಿಡಿ. ಸರಿಯಾದ ಪದ, ಮಗು ಓದಿದ ರೀತಿ, ತರಗತಿ ಇಷ್ಟಿದ್ದರೆ ಸಾಕು. ಹೆಸರುಗಳು ಬೇಡ. ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು ಫೋಟೊ ತೆಗೆದು ಕಳುಹಿಸಿದರೂ ಟೈಪ್ ಮಾಡುವ ಕೆಲಸವನ್ನು ನಾನೇ ಮಾಡಿಕೊಳ್ಳುತ್ತೇನೆ.