ರಷ್ಯನ್ ನುಡಿಗಟ್ಟುಗಳ ಕನ್ನಡ ಕಾರ್ಡುಗಳು: ಉಪ್ಪು, ದೋಸೆ, ಕಸದ ಸುತ್ತು

ಈ ಸುತ್ತಿನಲ್ಲಿ ಎತ್ತಿಕೊಂಡದ್ದು ಮನೆ, ಅಡುಗೆಮನೆಯ ನುಡಿಗಟ್ಟುಗಳು. ಪ್ರತಿ ಕಾರ್ಡಿನಲ್ಲಿ ಮೂಲ ಮಾತು, ಪದಕ್ಕೆ ಪದ ಅರ್ಥ, ಅದರೊಳಗಿರುವ ವಸ್ತು, ಬಳಕೆಯ ಅರ್ಥ. ಕನ್ನಡದ ಸಾಟಿ ಮಾತನ್ನು ಇನ್ನು ಮುಂದೆ ಕಟ್ಟಕಡೆಗೆ ಬರೆಯುವುದು. ಮೊದಲೇ ಬರೆದರೆ ವಸ್ತು ಕಣ್ಣಿಗೇ ಬೀಳುವುದಿಲ್ಲ. ಉಪ್ಪಿನ ಕಾರ್ಡು ಕೆಟ್ಟದ್ದು ಹಾಗೇ.

‘ಸ್ಯೆಸ್ತ್ ಪುದ್ ಸೋಲಿ’: ಒಬ್ಬರ ಜೊತೆ ಒಂದು ಪುದ್ ಉಪ್ಪು ತಿನ್ನುವುದು. ಎದುರಿಗೆ ‘ಉಪ್ಪುಂಡ ಮನೆಗೆ ಎರಡು ಬಗೆಯಬೇಡ’ ಎಂದು ಬಿದ್ದಿತ್ತು. ತಪ್ಪು. ನಮ್ಮದು ಋಣದ ಉಪ್ಪು, ಅವರದು ಕಾಲ ಅಳೆಯುವ ಉಪ್ಪು. ಪುದ್ ಎಂದರೆ 40 ರಷ್ಯನ್ ಪೌಂಡು, 16.38 ಕಿಲೋ. ತಲೆಗೆ ದಿನಕ್ಕೆ 10 ಗ್ರಾಂ ಹಿಡಿದರೆ ಇಬ್ಬರು ಸೇರಿ ಮುಗಿಸಲು 819 ದಿನ, ಹೆಚ್ಚುಕಡಿಮೆ ಎರಡೂಕಾಲು ವರ್ಷ. ಅಷ್ಟು ದಿನ ಜೊತೆಗೆ ಉಂಡ ಮೇಲೆ ಮನುಷ್ಯನ ಗುಣ ತಿಳಿದೀತು ಎಂಬ ಲೆಕ್ಕ. ಸೋವಿಯತ್ ಕಾಲದಲ್ಲಿ ಮೆಟ್ರಿಕ್ ಬಂದು ಪುದ್ ತಕ್ಕಡಿಯಿಂದ ಇಳಿಯಿತು, ಬಾಯಿಂದ ಇಳಿಯಲಿಲ್ಲ. (ಜಿಮ್ಮಿನ ಕೆಟಲ್‌ಬೆಲ್ 16, 24, 32 ಕಿಲೋ ಇರುವುದೂ ಇದರಿಂದಲೇ: ಒಂದು, ಒಂದೂವರೆ, ಎರಡು ಪುದ್.) ಸಾಟಿ ಮಾತಿನ ಜಾಗ ಸದ್ಯ ಖಾಲಿ.

‘ಪೆರ್ವಿ ಬ್ಲಿನ್ ಕೋಮೊಮ್’: ಮೊದಲ ಬ್ಲಿನ್ (ರಷ್ಯದ ತೆಳು ದೋಸೆ) ಉಂಡೆಯಾಗುತ್ತದೆ. ಇದಕ್ಕೆ ಕಾರಣ ದೋಸೆ ಹುಯ್ಯುವವರಿಗೆ ಹೇಳಬೇಕಿಲ್ಲ. ಬೀಡಿನ ಬಾಣಲೆ ಒಂದೇ ಸಮ ಕಾದಿಲ್ಲ, ಜಿಡ್ಡು ಹರಡಿಲ್ಲ. ಹಿಟ್ಟು ಹಿಡಿದುಕೊಳ್ಳುತ್ತದೆ, ಎಬ್ಬಿಸಹೋದರೆ ಮುದ್ದೆಯಾಗುತ್ತದೆ. ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಉಜ್ಜುವುದು ಅಲ್ಲೂ ಉಂಟು, ಆಲೂಗಡ್ಡೆಯಾದರೂ ಆದೀತು. ಹಾಗೆಂದು ‘ಎಲ್ಲರ ಮನೆ ದೋಸೆಯೂ ತೂತೇ’ ಇದಕ್ಕೆ ಸಾಟಿಯಲ್ಲ. ಅದು ಮನೆಮನೆಯ ಹುಳುಕಿನ ಮಾತು, ಇದು ಮೊದಲ ಯತ್ನ ಎಡವುವ ಮಾತು.

ಇಲ್ಲಿ ಲಿಪಿಯದೂ ಒಂದು ತಾಪತ್ರಯ. ಒತ್ತಿ ಹೇಳದ ‘ಒ’ ರಷ್ಯನ್ ಬಾಯಲ್ಲಿ ‘ಅ’ದ ಕಡೆ ಜಾರುವುದರಿಂದ ಕೋಮೊಮ್, ಕೋಮಮ್ ಎರಡೂ ಕಿವಿಗೆ ಒಂದೇ. ಕೋಮ್ ಎಂದರೆ ಕರಡಿ, ಕೋಮಮ್ ಎಂದರೆ ಕರಡಿಗಳಿಗೆ ಎಂದುಕೊಂಡು ‘ಮೊದಲ ಬ್ಲಿನ್ ಕರಡಿಗಳಿಗೆ’ ಎಂಬ ಕಥೆ ಹುಟ್ಟಿದ್ದು ಈ ಸಂದಿನಲ್ಲಿ. ಕರಡಿಗೆ ರಷ್ಯನ್ನಿನಲ್ಲಿ ಮೆದ್ವೇದ್ ಎನ್ನುತ್ತಾರೆ. ಕೋಮ್ ಎಂದರೆ ಉಂಡೆ, ಅಷ್ಟೇ. ಅದಕ್ಕೇ ಕಾರ್ಡುಗಳಲ್ಲಿ ಉಚ್ಚಾರ ಬಿಟ್ಟು ಕಾಗುಣಿತ ಹಿಡಿದು ಬರೆಯುತ್ತಿರುವುದು.

ಮೂರನೆಯದು ಸುಲಭಕ್ಕೆ ಕೂತಿತು. ‘ವಿನೊಸಿತ್ ಸೋರ್ ಇಜ್ ಇಜ್ಬಿ’, ಮನೆಯ ಕಸವನ್ನು ಹೊರಗೊಯ್ಯುವುದು, ಎಂದರೆ ಮನೆಯ ಗುಟ್ಟನ್ನು ಹೊರಗೆ ಹೇಳುವುದು. ಇಜ್ಬಾ ಎಂದರೆ ಮರದ ದಿಮ್ಮಿಗಳ ಹಳ್ಳಿಮನೆ. ಕಸ ಹೊರಗೆ ಬಿದ್ದರೆ ಆಗದವರು ಅದರಿಂದ ಮಾಟ ಮಾಡಿಸಿಯಾರು ಎಂದು ಒಲೆಯ ಕಡೆ ಗುಡಿಸಿ ಸುಡುತ್ತಿದ್ದರು. ದೀಪ ಹಚ್ಚಿದ ಮೇಲೆ ಕಸ ಹೊರಹಾಕಬಾರದು ಎನ್ನುವ ನಮ್ಮಲ್ಲಿ ಭಯ ಲಕ್ಷ್ಮಿ ಹೋದಾಳೆಂದು. ಸಾಟಿ: ‘ಸಂಸಾರ ಗುಟ್ಟು, ವ್ಯಾಧಿ ರಟ್ಟು’. ಅರ್ಥ ಹೊಂದುತ್ತದೆ, ಪೊರಕೆ ಮಾತ್ರ ಕಾಣೆ. ವಸ್ತುವಿನ ಸಾಲು ಉಳಿಸಿಕೊಂಡಿದೆ.

ಮುಂದಿನ ಸುತ್ತು ಮರಗೆಲಸದ್ದು. ಮೊದಲ ಕಾರ್ಡು ‘ಬಿತ್ ಬಕ್ಲುಶಿ’. ಬಕ್ಲುಶಾ ಎಂದರೆ ಮರದ ಸೌಟು, ಚಮಚ ಕೆತ್ತಲು ಸೀಳಿಟ್ಟ ತುಂಡು. ಅದನ್ನು ಸೀಳುವುದು ಹುಡುಗರ ಪಾಲಿನ ಹಗುರ ಕೆಲಸ, ಹಾಗಾಗಿ ಸೋಮಾರಿತನದ ಹೆಸರು ಅದಕ್ಕೆ ಅಂಟಿತು ಎಂಬುದು ರೂಢಿಯ ವಿವರಣೆ. ಸಾಟಿಗೆ ‘ನೊಣ ಹೊಡೆಯುವುದು’ ಪೆನ್ಸಿಲಿನಲ್ಲಿದೆ.